ಹಾಡಿನ ಅಕ್ಕೋರ ಟೇಪು

ಮೊನ್ನೆ ಭಾನುವಾರ ಬೆಳಿಗ್ಗೆ, ಸಾರಿನ ಹುಳಿಗೆಂದು, ಮುರುಗಲು ಸಿಪ್ಪೆಯ ಪೊಟ್ಟಣ ಬಿಚ್ಚಿದೆ. ಕಾಗಾಲದ ಕಡೆಯ ಹೆಂಗಸೊಬ್ಬಳು ಕುಮಟೆಯ ಸಂತೆಗೆ ತಂದಿದ್ದು. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಮಳೆಗಾಲ ದಾಟಿಸಿದ ಸಿಪ್ಪೆ. ಹುಳಿಯ ಜೊತೆಗೆ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ಪೊಟ್ಟಣವನ್ನು ಹಾಗೇ ಮುಚ್ಚಿ ಹಿತ್ತಲ ಕಟ್ಟೆಯ ಮೇಲಿಟ್ಟು ಬಂದೆ. ಮಧ್ಯಾಹ್ನ ಊಟಕ್ಕೆ ಬರುವವಳಿದ್ದ ಹುಡುಗಿಗೆ ಹುಣಸೆಹಣ್ಣಿನ ಸಾರೇ ಗತಿಯಾಯಿತು.

ಆ ಹುಡುಗಿ ಹಾಡಿನ ಅಕ್ಕೋರ ತಂಗಿಯ ಮೊಮ್ಮಗಳು. ಮಂಗಳೂರಿನಲ್ಲಿ ಓದಿ ಈಗ ಮುಂಬೈಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುತ್ತಿದ್ದಾಳೆ. "ದೊಡ್ಡಜ್ಜಿಯ ಟೇಪಿನ ಬಗ್ಗೆ ನಿಮಗೆ ಏನಾದ್ರೂ ಗೊತ್ತಿರಬಹುದು ಅಂತ ಹೊನ್ನಾವರದಲ್ಲಿ ಹೇಳಿದ್ರು ಆಂಟಿ," ಎಂದು ಫೋನಿನಲ್ಲಿ ಕೇಳಿದ್ದಳು. ಗೊತ್ತಿರಬಹುದಂತೆ! ಮೂವತ್ತು ವರ್ಷ ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದು ಅದೊಂದೇ ವಿಷಯ.

ಮದುವೆಯಾದ ಹೊಸತರಲ್ಲಿ ನಾವು ಹೊನ್ನಾವರದಲ್ಲಿದ್ದೆವು. ನಾನು ತಾಲೂಕು ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಮನೆ ದಿಬ್ಬದ ಮೇಲೆ, ಅಕ್ಕೋರ ಮನೆ ಕೆಳಗೆ ಹೊಳೆಯ ದಡದಲ್ಲಿ. ಕಲಿಸುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಎನ್ನುವುದು ರೂಢಿ. ಇವರು ಕ್ರೈಸ್ತರ ಇಗರ್ಜಿಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದರಿಂದ ಹಾಡಿನ ಅಕ್ಕೋರು. ತಮಾಷೆಯೆಂದರೆ ಅವರು ಹಾಡಿದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಹಾರ್ಮೋನಿಯಂ ಒತ್ತಿ ತೋರಿಸುತ್ತಿದ್ದರು, ಬೆರಳೆತ್ತಿ ಏರಿಸುತ್ತಿದ್ದರು, ಹುಬ್ಬು ಗಂಟಿಕ್ಕಿ ಇಳಿಸುತ್ತಿದ್ದರು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. "ಹಾಡದ ಅಕ್ಕೋರು" ಎಂದು ಮಕ್ಕಳು ಬೆನ್ನ ಹಿಂದೆ ನಗುತ್ತಿದ್ದವು.

ಅವರು ಹನ್ನೆರಡು ವರ್ಷ ಜರ್ಮನಿಯ ಒಂದು ಊರಿನ ರಂಗಮಂದಿರದಲ್ಲಿ ಒಪೆರಾ ಹಾಡಿದವರು ಎಂಬುದು ನನಗೆ ಗೊತ್ತಾಗಿದ್ದು ಪರಿಚಯವಾಗಿ ವರ್ಷ ಕಳೆದ ಮೇಲೆ. ಒಪೆರಾ ಅಂದರೆ ಎಂತ ಎಂದು ಕೇಳಿದ್ದೆ.

"ಯಕ್ಷಗಾನ ನೋಡಿದ್ಯಲ್ಲ ತಂಗಿ, ಹಾಂಗೇ. ಆದ್ರೆ ಭಾಗವತ್ರು ಇಲ್ಲ. ವೇಷ ಕಟ್ದವ್ರೇ ಹಾಡೂದು. ಮೈಕೂ ಇಲ್ಲ."

ಅವರದು ಸೊಪ್ರಾನೊ, ಹೆಂಗಸರ ದನಿಗಳಲ್ಲೇ ಎಲ್ಲಕ್ಕಿಂತ ಎತ್ತರದ್ದು. ಅಪ್ಪನ ಕೆಲಸದಿಂದಾಗಿ ಬೊಂಬಾಯಿಯಲ್ಲಿ ಬೆಳೆದು, ಅಲ್ಲಿ ಗೋವೆಯ ಒಬ್ಬ ಮಾಸ್ತರರ ಹತ್ತಿರ ಕಲಿತು, ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿದ್ದರು. ಅಲ್ಲಿ ಸಿಕ್ಕಿದ್ದು ದಾಸಿಯ ಪಾತ್ರ, ಅಲೆಮಾರಿ ಹೆಂಗಸಿನ ಪಾತ್ರ, ಗುಂಪಿನಲ್ಲಿ ಮೂರನೆಯವಳ ಪಾತ್ರ. ಚಳಿಗಾಲದಲ್ಲಿ ಇಗರ್ಜಿಗಳಲ್ಲಿ, ಸಭಾಗೃಹಗಳಲ್ಲಿ ಕಚೇರಿ. ಅಲ್ಲಿ ವೇಷವಿಲ್ಲದ್ದರಿಂದ ಮೈಬಣ್ಣದ ತಕರಾರು ಇರಲಿಲ್ಲ ಎಂದು ನಗುತ್ತಿದ್ದರು. ಒಮ್ಮೆ ನಾಯಕಿಗೆ ಜ್ವರ ಬಂದು, ಅರ್ಧ ದಿನದ ತಯಾರಿಯಲ್ಲಿ ಇವರಿಗೆ ರಾಣಿಯ ವೇಷ ಕಟ್ಟಿ ರಂಗಕ್ಕೆ ಬಿಟ್ಟರಂತೆ. ಆವತ್ತಿನ ಹಾಡನ್ನು ಮಂದಿರದವರು ಟೇಪು ಮಾಡಿ, ನೆನಪಿಗೆ ಎಂದು ಒಂದು ಸುರುಳಿ ಕೊಟ್ಟಿದ್ದರು. ಮುಂದಿನ ವರ್ಷವೇ ಗಂಟಲಲ್ಲಿ ಗಡ್ಡೆ ಎದ್ದು ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರ ಜೊತೆ ಮೇಲಿನ ಸ್ವರಗಳೂ ಹೋದವು... "ಅರ್ಧ ಹಾಡೂಕಿಂತ ಬಾಯಿ ಮುಚ್ಚೂದು ಮರ್ಯಾದೆ," ಎಂದಿದ್ದರು ಅಕ್ಕೋರು. ಊರಿಗೆ ಬಂದಾಗ ಅವರಿಗೆ ನಲವತ್ತೂ ಆಗಿರಲಿಲ್ಲ.

ಊರು ಈ ಕತೆಯನ್ನು ಹೌದಾ ಎಂದು ಕೇಳಿ ಮರೆತಿತ್ತು. ಹಿತ್ತಲ ಗಿಡ ಮದ್ದಲ್ಲವಲ್ಲ. ಸಾಕ್ಷಿ ಎಂದರೆ ಆ ಸುರುಳಿ ಒಂದೇ. ತಗಡಿನ ಡಬ್ಬಿಯಲ್ಲಿ, ದೋಸೆಯಷ್ಟಗಲದ ಕಂದು ಸುರುಳಿ. ಅದನ್ನು ಹಾಡಿಸುವ ಯಂತ್ರ ಕೆಟ್ಟು ಎಷ್ಟೋ ವರ್ಷವಾಗಿತ್ತು. ಕೊನೆಗೆ ಕುಮಟೆಯ ಒಬ್ಬ ರೇಡಿಯೋ ರಿಪೇರಿಯವನು ಮಳೆಗಾಲ ಕಳೆಯುವುದರೊಳಗೆ ಸರಿಮಾಡಿ ಕೊಡುತ್ತೇನೆಂದು ಒಪ್ಪಿಕೊಂಡ. ಅಕ್ಕೋರಿಗೆ ಆಗ ಅರವತ್ತರ ಮೇಲೆ. ತನ್ನ ದನಿಯನ್ನು ಒಮ್ಮೆ ಕೇಳಬೇಕು, ಕ್ಯಾಸೆಟ್ಟಿಗೆ ಇಳಿಸಿ ಮುಂಬೈಯ ತಂಗಿಗೆ ಕಳಿಸಬೇಕು, ಇಷ್ಟೇ ಅವರ ಆಸೆ. ಒಪೆರಾಕ್ಕೆಂದು ಹೊರಟಾಗ ಮನೆಯಲ್ಲಿ ಎಲ್ಲರೂ ಬೇಡ ಎಂದಿದ್ದರಂತೆ, ತಂಗಿಯೊಬ್ಬಳೇ ಬಳೆ ಮಾರಿ ಹಡಗಿನ ಖರ್ಚಿಗೆ ಕೊಟ್ಟಿದ್ದಳಂತೆ. ಅವಳು ಅಕ್ಕನ ಹಾಡನ್ನು ರಂಗದ ಮೇಲೆ ಕೇಳಿರಲೇ ಇಲ್ಲ.

ಹಿಂದಿನ ವರ್ಷ ಹೊಳೆ ಉಕ್ಕಿ ಅಕ್ಕೋರ ಜಗಲಿಯವರೆಗೆ ನೀರು ಬಂದಿತ್ತು. ಆ ಹೆದರಿಕೆಗೆ ಮೇ ತಿಂಗಳ ಕೊನೆಯಲ್ಲಿ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು.

"ನಿಮ್ಮನೆ ಎತ್ತರದಲ್ಲದೆ. ಕಪಾಟಲ್ಲಿ ಇಡು ತಂಗಿ. ತೇವ ಒಂದು ತಾಗೂಕೆ ಬಿಡ್ಬೇಡ."

ಕಪಾಟಿನಲ್ಲೇ ಇಟ್ಟೆ. ಜೂನ್ ಎರಡನೆಯ ವಾರಕ್ಕೆ ನನ್ನ ಮದುವೆಯ ಸೀರೆಗೆ ಅದೇ ಕಪಾಟಿನಲ್ಲಿ ಬೂಸಲು ಬಂತು. ನನ್ನ ಜೀವ ಹಾರಿತು. ಕರಾವಳಿಯ ಮಳೆಗಾಲದಲ್ಲಿ ಒಂದು ವಸ್ತು ಒಣಗಿರಬೇಕೆಂದರೆ ಅದಕ್ಕೆ ಒಂದೇ ಜಾಗ, ಒಲೆಯ ಮೇಲಿನ ಅಟ್ಟ. ಬೀಜದ ಸೌತೆ, ಮುರುಗಲು, ಹಪ್ಪಳ, ಮಾವನವರ ಜಾತಕದ ಕಟ್ಟು ಕೂಡ ಅಲ್ಲೇ ಇರುತ್ತಿತ್ತು. ನಾನು ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಮುರುಗಲು ಬುಟ್ಟಿಯ ಪಕ್ಕದಲ್ಲಿಟ್ಟೆ. ಅತ್ತೆ ನೋಡಿ, "ಬುದ್ಧಿ ಇದ್ದು ನಿಂಗೆ," ಎಂದರು. ಅತ್ತೆಯ ಬಾಯಲ್ಲಿ ಅಂಥ ಮಾತು ಬಂದಿದ್ದು ಅದೇ ಮೊದಲು. ನಾನು ವಾರಗಟ್ಟಲೆ ಹಿಗ್ಗಿದೆ. ನಾಲ್ಕು ತಿಂಗಳು, ದಿನಕ್ಕೆ ಎರಡು ಹೊತ್ತು, ಅದರ ಕೆಳಗೆ ಬೆಂಕಿ ಉರಿಯಿತು.

ದೀಪಾವಳಿ ಕಳೆದು ಯಂತ್ರ ಬಂತು. ಡಬ್ಬಿ ಇಳಿಸಿ, ಮಸಿ ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಒಯ್ದೆ. ಅಕ್ಕೋರು ಅಂದು ರೇಷ್ಮೆ ಸೀರೆ ಉಟ್ಟಿದ್ದರು. ನನ್ನೊಬ್ಬಳಿಗಾಗಿ ಅಲ್ಲ, ರಾಣಿಗಾಗಿ ಎಂದು ಈಗ ಅನಿಸುತ್ತದೆ. ಮುಚ್ಚಳ ತೆಗೆದರು. ಸುರುಳಿ ಅಂಚಿನಲ್ಲಿ ಹಪ್ಪಳದಂತೆ ಸೊಟ್ಟಗಾಗಿತ್ತು. ಹಾಗೇ ಯಂತ್ರಕ್ಕೆ ಏರಿಸಿದರು. ಮೊದಲು ಪಿಟೀಲುಗಳು ಅಳ್ಳಾಡುತ್ತ ಬಂದವು. ಆಮೇಲೆ ಬಂದದ್ದು ಹೆಂಗಸಿನ ದನಿ ಎಂದು ನಾನು ಊಹಿಸಿಕೊಳ್ಳಬೇಕಾಯಿತು. ಅದು ಗೊಗ್ಗರಾಗಿ, ಎಳೆದೆಳೆದು, ಬಾವಿಗೆ ಬಿದ್ದವರು ಕೂಗಿದಂತೆ ಕೇಳುತ್ತಿತ್ತು. ಟೇಪು ಹರಿಯಿತು. ಅವರು ಅಂಟಿಸಿದರು. ಮತ್ತೆ ಹರಿಯಿತು. ಹೀಗೆ ಏಳೆಂಟು ಸಲ. ಸುರುಳಿಯ ತೀರ ಒಳಗಿನ ಸುತ್ತುಗಳಿಗೆ ಮಾತ್ರ ಬಿಸಿ ತಟ್ಟಿರಲಿಲ್ಲ. ಹಾಡು ಮುಗಿದಿತ್ತು... ಅಲ್ಲಿ ಬರೀ ಚಪ್ಪಾಳೆ ಇತ್ತು. ಎಷ್ಟು ಸ್ಪಷ್ಟ! ಹೆಂಚಿನ ಮೇಲೆ ಮಳೆ ಸುರಿದಂತೆ, ನಿಲ್ಲದೆ. ನಡುವೆ ಯಾರೋ ಗಂಡಸು ಸಂತೋಷದಿಂದ ಕೂಗಿದ. ಅಕ್ಕೋರು ಕೊನೆಯವರೆಗೆ ತಲೆ ತಗ್ಗಿಸಿ ಕೇಳಿದರು.

ಬರಿದಾದ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದರು. ಆಮೇಲೆ ಕರವಸ್ತ್ರದಿಂದ ಬೆರಳು ಒರೆಸಿಕೊಂಡರು. ಕರವಸ್ತ್ರಕ್ಕೆ ಮಸಿ ಹತ್ತಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಹಳೇ ಟೇಪು, ತಂಗಿ. ಅದ್ರ ಆಯುಷ್ಯ ಆತು," ಎಂದರು. "ಚಾ ಮಾಡ್ತೆ, ಕೂತ್ಕೊ."

ಹೇಳಬೇಕಿತ್ತು. ಅಲ್ಲೇ ಕಾಲು ಹಿಡಿಯಬೇಕಿತ್ತು. "ಹೌದು ಅಕ್ಕೋರೆ, ಹಳೇದಾಗಿತ್ತು," ಎಂದೆ ನಾನು. ಆಮೇಲೆ ಎರಡು ಮೂರು ಸಲ ಹೇಳಿಬಿಡಬೇಕೆಂದು ಅವರ ಗೇಟಿನವರೆಗೆ ಹೋದೆ. ನನ್ನ ಮುಖ ನೋಡಿದ ಕೂಡಲೇ ಅವರು ಮೀನಿನ ರೇಟು, ಇಗರ್ಜಿಯ ಸುಣ್ಣ ಎಂದು ಮಾತು ತಿರುಗಿಸುತ್ತಿದ್ದರು. ನನಗೂ ಅಷ್ಟೇ ಬೇಕಾಗಿತ್ತು. ಮೂರನೆಯ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಮುಂಬೈಯಿಂದ ಯಾರೂ ಬರಲಿಲ್ಲ. ದೊಡ್ಡ ಊರಿನವರಿಗೆ ಕರುಳಿಲ್ಲ ಎಂದು ಬೈದವರಲ್ಲಿ ನಾನೂ ಒಬ್ಬಳು.

ಈಗಲೂ ಯಾವುದಾದರೂ ಸಭೆಯಲ್ಲಿ ಜೋರಾಗಿ ಚಪ್ಪಾಳೆ ಬಿದ್ದರೆ ನನಗೆ ಕೂರಲಾಗುವುದಿಲ್ಲ. ಮಗಳ ಪದವಿ ಪ್ರದಾನದ ದಿನ ಎದ್ದು ಹೊರಗೆ ಹೋಗಿ ನಿಂತಿದ್ದೆ.

ಊಟವಾದ ಮೇಲೆ ಹುಡುಗಿ ಚೀಲದಿಂದ ಒಂದು ಹಳೆಯ ಕಾಗದ ತೆಗೆದಳು. ಅಕ್ಕೋರು ತಂಗಿಗೆ ಕೊಂಕಣಿಯಲ್ಲಿ ಬರೆದದ್ದು. ಅವಳು ಓದಿ ಕನ್ನಡದಲ್ಲಿ ಹೇಳಿದಳು: ಟೇಪು ಹಾಳಾಯಿತು, ತಪ್ಪು ನನ್ನದೇ, ತೇವಕ್ಕೆ ಹೆದರಿ ಒಲೆಯ ಮೇಲೆ ನಾನೇ ಇಟ್ಟಿದ್ದೆ.

"ಅಜ್ಜಿಗೆ ತುಂಬಾ ಸಿಟ್ಟು ಬಂತಂತೆ ಆಂಟಿ. ಬಳೆ ಮಾರಿ ಕಳಿಸಿದ್ದೆ, ಉಳಿದಿದ್ದ ಒಂದೇ ಒಂದು ಹಾಡನ್ನು ಒಲೆಗೆ ಹಾಕಿದಳು ಅಂತ. ಆಮೇಲೆ ಕಾಗದ ಬರೀಲೇ ಇಲ್ಲ, ಊರಿಗೂ ಬರ್ಲಿಲ್ಲ. ಆದ್ರೆ ನಂಗೊಂದು ಅರ್ಥ ಆಗಲ್ಲ. ದೊಡ್ಡಜ್ಜಿ ಮನೇಲಿ ಗ್ಯಾಸ್ ಇತ್ತಂತಲ್ಲ, ಒಲೆ ಎಲ್ಲಿತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನಾನು. ಎಲ್ಲಿಟ್ಟಿದ್ದೆನೆಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ತಂಗಿಗೆ ನನ್ನ ಹೆಸರು ಬರೆಯದೆ, ತನ್ನ ಹೆಸರು ಬರೆದರು.

"ಒಲೆ ನಮ್ಮನೇದು ಮಗಾ," ಎಂದೆ. "ಇಟ್ಟವ್ಳು ನಾನು."

ಅವಳು ಬೈಯಲಿಲ್ಲ. ಮೊಬೈಲಿನಲ್ಲಿ ನಂಬರು ಒತ್ತಿ, ಕೊಂಕಣಿಯಲ್ಲಿ ನಾಲ್ಕು ಮಾತಾಡಿ, ನನ್ನ ಕೈಗೆ ಕೊಟ್ಟಳು. "ಅಜ್ಜಿ. ನೀವೇ ಹೇಳಿ."

ಆಚೆಯಿಂದ ದನಿ ಬಂತು. ಅದೇ ಏರು, ಅದೇ ಇಳಿತ. ಅಕ್ಕೋರೇ ಮಾತಾಡುತ್ತಿದ್ದಂತಿತ್ತು. ಅಳುತ್ತಲೇ ಹೇಳಿದೆ. ಅಟ್ಟ, ಬುಟ್ಟಿ, ನಾಲ್ಕು ತಿಂಗಳು, ಏನನ್ನೂ ಬಿಡಲಿಲ್ಲ. ಕೊನೆಗೆ ಮುದುಕಿ ನಮ್ಮ ಹೊನ್ನಾವರದ ಕನ್ನಡದಲ್ಲೇ ಕೇಳಿದಳು.

"ಅವ್ಳು ನನ್ ದಾರಿ ನೋಡಿದ್ಲಾ?"

ಆ ಮೂರೂ ವರ್ಷ, ಕ್ರಿಸ್ಮಸ್ಸಿನ ವಾರದಲ್ಲಿ, ಮುಂಬೈ ಬಸ್ಸು ಬರುವ ಹೊತ್ತಿಗೆ ಅಕ್ಕೋರು ಗೇಟಿನಲ್ಲಿ ನಿಂತಿರುತ್ತಿದ್ದರು. ಎಂತ ಅಕ್ಕೋರೆ ಎಂದರೆ, ಗಾಳಿಗೆ ಎನ್ನುತ್ತಿದ್ದರು. ಇಲ್ಲ ಎಂದುಬಿಟ್ಟರೆ ಆ ಎಂಬತ್ತು ದಾಟಿದ ಜೀವಕ್ಕೆ ಸಮಾಧಾನವಾಗುತ್ತಿತ್ತೇನೋ. ನನಗೆ ಮತ್ತೊಂದು ಸುಳ್ಳು ಹೇಳಲಾಗಲಿಲ್ಲ.

"ನೋಡಿದ್ರು," ಎಂದೆ.