ನಾನು ಹತ್ತಿದ ಹತ್ತು ಹೆಜ್ಜೆ

ಕರ್ಪೂರದ ವಾಸನೆ ಬಂದರೆ ನಿಮಗೆ ದೇವರು ನೆನಪಾಗಬಹುದು. ನನಗೆ ಒಂದು ಬೆಟ್ಟ ನೆನಪಾಗುತ್ತದೆ. ಮೊನ್ನೆ ಶನಿವಾರ ಗೋವಿಂದರಾಜನಗರದ ನಮ್ಮ ಪಕ್ಕದ ಮನೆಯವರು ಹೊಸ ಸ್ಕೂಟರಿಗೆ ಮಂಗಳಾರತಿ ಮಾಡುತ್ತಿದ್ದರು. ಗೇಟಿನ ಬಳಿ ನಿಂತಿದ್ದ ನಾನು ಮೂಗು ಮುಚ್ಚಿಕೊಂಡು ಒಳಗೆ ಬಂದುಬಿಟ್ಟೆ. ಅವರು ಏನಂದುಕೊಂಡರೋ.

ಎತ್ತರದ ಬೆಟ್ಟ ಹತ್ತುವವರು ಉಸಿರಿಗೆ ಒಳ್ಳೆಯದೆಂದು ಕರ್ಪೂರ ಮೂಸುವುದುಂಟು. ನಾಲ್ಕು ವರ್ಷದ ಹಿಂದೆ ಹಿಮಾಲಯಕ್ಕೆ ಹೋದಾಗ ವಿಮಲಕ್ಕ ಅದನ್ನು ಕರ್ಚೀಫಿನಲ್ಲಿ ಗಂಟು ಹಾಕಿ ಕೊರಳಿಗೇ ಕಟ್ಟಿಕೊಂಡಿದ್ದರು. ವಿಮಲಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಅವರು ಮಹಡಿಯ ಮೇಲೆ, ನಾವು ಕೆಳಗೆ. ಅವರು ಮನೆಯಲ್ಲೇ ರವಿಕೆ ಹೊಲಿಯುತ್ತಾರೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇಪ್ಪತ್ತೈದು ವರ್ಷ ಒಂದೇ ಮೆಟ್ಟಿಲಲ್ಲಿ ಓಡಾಡಿದರೂ ನಮ್ಮ ಮಾತು ‘ನೀರು ಬಂತಾ, ಪೇಪರ್ ಬಂತಾ’ ಎನ್ನುವಲ್ಲಿಗೆ ಮುಗಿಯುತ್ತಿತ್ತು. ನಾನು ಹೊರಟಿರುವುದು ಕಿವಿಗೆ ಬಿದ್ದಿದ್ದೇ, “ಅಲ್ಲಿ ಬೆಟ್ಟದ ತುಂಬಾ ಹೂವಂತೆ, ನಾನೂ ಬರ್ತೀನಿ ಕಣೇ” ಎಂದರು. ಎರಡು ತಿಂಗಳು ಹೊಸಹಳ್ಳಿ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದೆವು. ಯಾವತ್ತೂ ಮೇಲೆ ಮೊದಲು ಮುಟ್ಟುತ್ತಿದ್ದವರು ಅವರೇ. ನನಗೆ ಅದೂ ಒಂದು ಉರಿ.

ಶಿಖರ ಹತ್ತುವ ದಿನ ಬೆಳಿಗ್ಗೆಯೆಲ್ಲ ಮಳೆ. ಡೇರೆ ಬಿಡುವಾಗಲೇ ಹನ್ನೊಂದು ದಾಟಿತ್ತು. ಜೊತೆಗಿದ್ದವನು ಗೈಡ್ ವೀರೇಂದ್ರ ಒಬ್ಬನೇ, ಅದೇ ಬೆಟ್ಟಗಳ ಕಡೆಯವನು. ಮಳೆ ನಿಂತ ಹುಲ್ಲುಗಾವಲಿನಲ್ಲಿ ಮೊಣಕಾಲೆತ್ತರ ಹೂ. ಹಳದಿ, ನೇರಳೆ, ಕಣ್ಣು ಚುಚ್ಚುವಂಥ ನೀಲಿ. ನಾನು ಹೂ ನೋಡಲಿಲ್ಲ, ಮೋಡ ನೋಡುತ್ತಿದ್ದೆ. ಶಿಖರದ ಮೇಲಿಂದ ಹಾಕಬೇಕಾದ ಸ್ಟೇಟಸ್ಸನ್ನು ಡೇರೆಯಲ್ಲೇ ಟೈಪ್ ಮಾಡಿಟ್ಟುಕೊಂಡಿದ್ದ ಗಿರಾಕಿ ನಾನು.

ವಿಮಲಕ್ಕ ಹಿಂದೆ ಬೀಳುತ್ತಿದ್ದರು. “ತಲೆನೋವಾ ಅಕ್ಕ?” ಎಂದೆ.

“ಇಲ್ಲ ಕಣೇ, ಟೋಪಿ ಬಿಗಿ ಆಯ್ತು, ಅಷ್ಟೇ.”

ಬೆಳಿಗ್ಗೆ ಅವರು ತಿಂಡಿ ಮುಟ್ಟಿರಲಿಲ್ಲ. ಎತ್ತರದಲ್ಲಿ ಅದು ಗಾಳಿ ಸಾಲದ ಕಾಯಿಲೆಯ ಮೊದಲ ಗುರುತೆಂದು ಮಕ್ಕಳಿಗೆ ಪಾಠ ಮಾಡುವವಳು ನಾನು, ಟೋಪಿಯ ಮಾತನ್ನು ನಂಬಿದೆ. ನಂಬುವುದು ನನಗೆ ಬೇಕಾಗಿತ್ತು.

ಎರಡು ಗಂಟೆಗೆ ಹುಲ್ಲು ಮುಗಿದು ಬಂಡೆ ಶುರುವಾಯಿತು. ತುದಿಯ ಕಲ್ಲುಗುಪ್ಪೆ ಅಲ್ಲೇ ಕಾಣುತ್ತಿತ್ತು, ಹೆಚ್ಚೆಂದರೆ ಇಪ್ಪತ್ತು ನಿಮಿಷದ ದಾರಿ. ಕಣಿವೆಯಾಚೆ ಒಮ್ಮೆ ಗುಡುಗಿತು. ವಿಮಲಕ್ಕ ಹುಲ್ಲಿನಂಚಿನ ಹೂಗಳ ಮಧ್ಯೆ ಕುಸಿದು ಕೂತು ವಾಂತಿ ಮಾಡಿಕೊಂಡರು. ವೀರೇಂದ್ರ ಅವರ ಬೆನ್ನು ಸವರುತ್ತಾ ಹಿಂದಿಯಲ್ಲಿ, “ದೀದಿ, ಇಳಿದುಬಿಡೋಣ” ಎಂದ.

“ನೀವು ಅಕ್ಕನ ಜೊತೆ ಕೂತಿರಿ, ನಾನೊಬ್ಬಳೇ ಹೋಗಿ ಬರ್ತೀನಿ” ಎಂದೆ.

ನಾನು ಹತ್ತತೊಡಗಿದೆ. ಎಣಿಸಿಕೊಂಡು ಹತ್ತುವುದು ನನ್ನ ಅಭ್ಯಾಸ, ಅದಕ್ಕೇ ಲೆಕ್ಕ ಗೊತ್ತು. ಹತ್ತನೆಯ ಹೆಜ್ಜೆ ಇಟ್ಟಾಗ ಹಿಂದಿನಿಂದ ವಿಮಲಕ್ಕನ ದನಿ ಕೇಳಿತು, ನಾಲಿಗೆ ಹೊರಳದ ತೊದಲು ದನಿ.

“ಹೊಸಹಳ್ಳಿ ಬಂತೇನೇ? ಇಳೀಬೇಕಾ?”

ಅವರು ತಮಾಷೆ ಮಾಡುತ್ತಿರಲಿಲ್ಲ. ಓಡಿ ಇಳಿದೆ. ಅವರು ಎದ್ದು ನಿಲ್ಲಲು ಹೋಗಿ ಪಕ್ಕಕ್ಕೆ ವಾಲಿದರು. ನನ್ನ ಮುಖ ನೋಡಿ, “ನೀವು ಯಾರು?” ಎಂದರು. ಆಮೇಲಿನ ಎರಡೂವರೆ ಗಂಟೆ ನಾನೊಂದು ಕಡೆ, ವೀರೇಂದ್ರ ಒಂದು ಕಡೆ, ನಡುವೆ ಕಾಲೆಳೆಯುವ ವಿಮಲಕ್ಕ. ಕೆಲವು ಕಡೆ ಅವನು ಹೊತ್ತೇ ಇಳಿಸಿದ. ಆಲಿಕಲ್ಲು ಬಿತ್ತು. ನಾವು ಬಿಟ್ಟುಬಂದ ತುದಿಯ ಮೇಲೆ ಮಿಂಚು ಹೊಡೆಯಿತು, ತಿರುಗಿ ನೋಡುವ ಧೈರ್ಯ ಬರಲಿಲ್ಲ. ಅವರ ಕೊರಳಿನ ಕರ್ಪೂರದ ಗಂಟು ನನ್ನ ಕೆನ್ನೆಗೇ ತಾಗುತ್ತಿತ್ತು. “ಅಕ್ಕಾ, ಮಾತಾಡಿ, ಬೈಯಿರಿ, ಏನಾದ್ರೂ ಅನ್ನಿ” ಎಂದು ಅಳುತ್ತಾ ಇಳಿದೆ.

ಡೇರೆ ದಾಟಿ, ಇನ್ನೂ ಕೆಳಗೆ ಹಳ್ಳಿ ಕಾಣುವ ಹೊತ್ತಿಗೆ ಅವರು “ಕಾಲು ನೋಯ್ತಿದೆ ಕಣೇ” ಎಂದರು. ಆ ‘ಕಣೇ’ ಕೇಳಿ ನಾನು ದಾರಿಯಲ್ಲೇ ಕೂತುಬಿಟ್ಟೆ. ಅಲ್ಲಿಂದ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಮೂರೇ ದಿನದಲ್ಲಿ ಹುಷಾರಾದರು.

ಮನೆಗೆ ಬಂದ ದಿನ ನನ್ನ ಗಂಡ, “ತುದಿ ಮುಟ್ಟಿದ್ರಾ ಅತ್ತಿಗೆ?” ಎಂದು ಕೇಳಿದರು. “ಮುಟ್ಟದೇ ಏನು! ಎಂಥಾ ಹೂವು ಗೊತ್ತಾ!” ಎಂದರು ವಿಮಲಕ್ಕ. ಆ ಮಧ್ಯಾಹ್ನ ಅವರ ನೆನಪಿನಿಂದ ಅಳಿಸಿಹೋಗಿತ್ತು, ಆ ಜಾಗವನ್ನು ಮನಸ್ಸು ತಾನೇ ತೇಪೆ ಹಾಕಿ ಮುಚ್ಚಿತ್ತು. ನಾನು ತಿದ್ದಲಿಲ್ಲ. ನಿಜ ಹೇಳಿದರೆ ಆ ಹತ್ತು ಹೆಜ್ಜೆಯನ್ನೂ ಹೇಳಬೇಕಾಗುತ್ತಿತ್ತು.

ಮೊನ್ನೆ ಶನಿವಾರ ಸಂಜೆ ಮಹಡಿ ಹತ್ತಿ ಎಲ್ಲವನ್ನೂ ಹೇಳಿಬಿಟ್ಟೆ. ವಿಮಲಕ್ಕ ಹೊಲಿಗೆ ನಿಲ್ಲಿಸಿ ಕೇಳಿದರು. “ಎಷ್ಟು ಹೆಜ್ಜೆ ಅಂದೆ?” ಎಂದರು.

“ಹತ್ತು.”

“ನಾನಾಗಿದ್ರೆ ತುದಿಗೆ ಹೋಗೇಬಿಡ್ತಿದ್ದೆ ಕಣೇ.” ಅವರು ನಗಲಿಲ್ಲ.

ಅಷ್ಟರಲ್ಲಿ ರವಿಕೆ ಕೊಡಲು ಹೊಸಬರೊಬ್ಬರು ಬಂದರು. “ಆಂಟಿ, ನೀವು ಹಿಮಾಲಯದ ತುದಿಗೆ ಹೋಗಿದ್ರಂತೆ?” ಎಂದು ಕೇಳಿದರು.

“ತುದಿ ಮುಟ್ಲಿಲ್ಲಮ್ಮ. ನಂಗೆ ಹುಷಾರು ತಪ್ತು. ಇವಳೇ ಹಿಡ್ಕೊಂಡು ಇಳಿಸಿದ್ದು” ಎಂದು ವಿಮಲಕ್ಕ ಅಳತೆಯ ಟೇಪು ಎತ್ತಿಕೊಂಡರು.

ಹತ್ತು ಹೆಜ್ಜೆಯ ಮಾತನ್ನು ಅವರು ಎತ್ತಲಿಲ್ಲ. ನಾನೇ ಹೇಳಿದೆ.