ಬೀದಿಯ ಪಾರ್ಕಿನಲ್ಲಿ ಒಂದು ವಿದಾಯ

ರಾಮಮೂರ್ತಿ ನಗರದ ನಮ್ಮ ಮನೆಯೆದುರಿನ ಪಾರ್ಕು ಒಂದು ಸೈಟಿನಷ್ಟೂ ಇಲ್ಲ. ಎರಡು ಸಿಮೆಂಟ್ ಬೆಂಚು, ಒಂದು ಹೊಂಗೆ ಮರ, ಬಣ್ಣ ಹೋದ ಜಾರುಬಂಡೆ. ಮಧ್ಯಾಹ್ನ ಗೇಟಿಗೆ ಬೀಗ. ಮಾಲಿ ಬೀಗದ ಕೈಯನ್ನು ನಮ್ಮ ಮನೆಯಲ್ಲಿ ಕೊಟ್ಟು ಹೋಗುತ್ತಾನೆ.

ಪಕ್ಕದ ಕಟ್ಟಡದ ಬಾಡಿಗೆ ಕೋಣೆಯಲ್ಲಿ ರಾಯಚೂರು ಕಡೆಯ ಗಂಡ ಹೆಂಡತಿ ಇದ್ದರು. ಗಂಡ ಕ್ಯಾಬ್ ಓಡಿಸುತ್ತಿದ್ದ. ಹೆಂಡತಿಯ ತಾಯಿ ಚಿಕಿತ್ಸೆಗೆಂದು ಬಂದವರು ಇಲ್ಲೇ ಉಳಿದಿದ್ದರು. ಸಂಜೆ ಪಾರ್ಕಿಗೆ ಬಂದರೆ ಬೆಂಚು ಬಿಟ್ಟು ಮರದ ಬುಡದಲ್ಲೇ ಕೂರುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ "ಊಟ ಆತೇನ್ರಿ?" ಎನ್ನುವರು. ನಮ್ಮ ನಡುವೆ ಅದಕ್ಕಿಂತ ಹೆಚ್ಚು ಮಾತು ಬೆಳೆದಿರಲಿಲ್ಲ.

ಹೋದ ಬೇಸಿಗೆಯಲ್ಲಿ ಆ ಅಜ್ಜಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಧ್ಯಾಹ್ನ ಆಂಬುಲೆನ್ಸ್ ಬಂದು ನಿಂತಾಗ ಕಟ್ಟಡದ ಮಾಲೀಕರು ಮೆಟ್ಟಿಲ ಬಳಿ ಅಡ್ಡ ನಿಂತಿದ್ದರು.

"ತಪ್ಪು ತಿಳ್ಕೋಬೇಡಮ್ಮ. ಬೇರೆ ಬಾಡಿಗೆಯವ್ರೂ ಇದಾರೆ. ಬಾಡಿ ಒಳಗೆ ತರೋದ್ ಬೇಡ."

ಮಗಳು ಜಗಳ ಮಾಡಲಿಲ್ಲ. ಆಂಬುಲೆನ್ಸ್ ಕಂಡು ಗಂಡನೊಂದಿಗೆ ಹೊರಗೆ ಬಂದಿದ್ದ ನನ್ನ ಕಡೆ ತಿರುಗಿ, "ಮೈ ತೊಳದು, ಸೀರಿ ಉಡಿಸಿ ಊರಿಗೆ ಒಯ್ತೀವ್ರಿ ಅಮ್ಮಾರ. ರೋಡ್ ಮ್ಯಾಲೆ ಹ್ಯಾಂಗ್ ಮಾಡ್ಲಿ?" ಎಂದಳು.

ನನ್ನ ಗಂಡ ಒಳಗೆ ಹೋಗಿ ಪಾರ್ಕಿನ ಬೀಗದ ಕೈ ತಂದರು. ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಅವರು ಯಾರೊಂದಿಗೂ ಹೆಚ್ಚು ಬೆರೆಯುತ್ತಿರಲಿಲ್ಲ. ನೆರೆಯವರೊಬ್ಬರು ಓಡಿಬಂದು, "ಸಾರ್, ಮಕ್ಕಳು ಆಡೋ ಜಾಗ ಅದು" ಎಂದರು.

"ಮಕ್ಕಳು ಸಂಜೆ ಬರ್ತಾರೆ. ಈಗ ಇವ್ರು ಬಂದಿದಾರೆ" ಎಂದು ನನ್ನ ಗಂಡ ಗೇಟು ತೆರೆದರು.

ಮರದ ನೆರಳಿನಲ್ಲಿ ಚಾಪೆ ಹಾಸಿದೆವು. ಬೀದಿಯ ಹೆಂಗಸರು ಸುತ್ತ ಬೆಡ್‌ಶೀಟು ಹಿಡಿದು ಮರೆ ಮಾಡಿದರು. ನಾನು ಮನೆಯಿಂದ ನೀರು ತಂದೆ. ಮಗಳು ತಾಯಿಯ ಮೈ ತೊಳೆದು, ಸೀರೆ ಉಡಿಸಿ, ಸಿಕ್ಕು ಬಿಡಿಸಿ ತಲೆ ಬಾಚಿದಳು; ನೋವಾದೀತೆಂಬಂತೆ ಮೆಲ್ಲಗೆ ಬಾಚಿದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ನನಗೆ ಅಳು ಬಂದದ್ದು ಆಗಲೇ.

ಹೊರಡುವ ಹೊತ್ತಿಗೆ ಮಾಲೀಕರು ತಲೆ ತಗ್ಗಿಸಿಕೊಂಡು ಬಂದು ಹಾರ ಹಾಕಿ, ಕೈ ಮುಗಿದು ಹೋದರು. ಅವರ ಮೇಲೆ ಸಿಟ್ಟಾಗಲು ಆಮೇಲೆ ನನ್ನಿಂದ ಆಗಲಿಲ್ಲ. ಕ್ಷಮಿಸಲೂ ಆಗಿಲ್ಲ.

ಕೆಲವು ದಿನ ತಾಯಂದಿರು ಮಕ್ಕಳನ್ನು ಪಾರ್ಕಿಗೆ ಬಿಡಲಿಲ್ಲ. ಆಮೇಲೆ ಮಕ್ಕಳೇ ಅವರ ಮಾತು ಕೇಳದೆ ಬಂದು ಆಡತೊಡಗಿದರು.

ಆ ದಂಪತಿ ಮಹದೇವಪುರದಲ್ಲಿ ಬೇರೆ ಕೋಣೆ ಹಿಡಿದರು. ಸಾಮಾನು ಒಯ್ಯಲು ಬಂದ ದಿನ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅವ್ವನ್ನ ಬೀದ್ಯಾಗಿಂದ ಕಳಸೂದು ತಪ್ಪಿಸಿದ್ರಿ."

ನಾನು ಅಲ್ಲಿದ್ದ ಒಂದು ಗಂಟು ಎತ್ತಿಕೊಂಡು ಅವಳ ಜೊತೆ ಟೆಂಪೋವರೆಗೆ ನಡೆದೆ.