ಹಳದಿ ಅನ್ನದ ತುದಿ

ಪ್ಲಿಮತ್‌ನ ನಮ್ಮ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ಅನ್ನ ಬೇಯುವುದು ಫಜಲುಲ್ಲಾ ಅಂಕಲ್ ಮನೆಯಲ್ಲೇ. ಅವರಿಗೆ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ, ಊರು ಚನ್ನಪಟ್ಟಣ, ಹುಚ್ಚು ಮಾತ್ರ ಜಾವಾ ದ್ವೀಪದ್ದು. ಮಸೀದಿಯಲ್ಲಿ ಪರಿಚಯವಾದ ಜಾವಾದ ಗೆಳೆಯ ಸುಕಾರ್ಡಿ ಹಿಡಿಸಿದ ಹುಚ್ಚು ಅದು. ಯಾರಾದರೂ ಡ್ರೈವಿಂಗ್ ಟೆಸ್ಟ್ ಪಾಸಾಗಲಿ, ಯಾರಿಗಾದರೂ ಗ್ರೀನ್ ಕಾರ್ಡ್ ಬರಲಿ, ಅಂಕಲ್ ಹಳದಿ ಅನ್ನವನ್ನು ಗೋಪುರದಂತೆ ಒಟ್ಟಿ, ದುವಾ ಮಾಡಿ, ಎಲ್ಲರನ್ನೂ ಜಮಖಾನದ ಮೇಲೆ ಕೂರಿಸುತ್ತಾರೆ. “ಇದಕ್ಕೆ ಸ್ಲಮೆತನ್ ಅಂತಾರೆ. ಹೊಸ ದೀನ್, ಅಂದ್ರೆ ಹೊಸ ಧರ್ಮ, ಬಂತು ಅಂತ ಜಾವಾದೋರು ಹಳೇ ತಟ್ಟೆ ಒಡೀಲಿಲ್ಲ ಕಣ್ರೀ, ಅದ್ರಲ್ಲೇ ಬಡಿಸಿದ್ರು. ನಮ್ಮೂರ ಉರುಸಲ್ಲೂ ಹಂಗೇ ಅಲ್ವಾ?” ಎನ್ನುವಾಗ ಅವರ ಕೈಯ ಸೌಟು ಗಾಳಿಯಲ್ಲಿ ಕುಣಿಯುತ್ತದೆ. “ನಿಧಾನವಾಗಿ ಬದುಕಬೇಕು, ಅದೇ ಜಾವಾ ಫಿಲಾಸಫಿ” ಎಂದು ಎಂಬತ್ತೈದು ಮೈಲಿ ವೇಗದಲ್ಲಿ ಡ್ರೈವ್ ಮಾಡುತ್ತಲೇ ಬೋಧಿಸುತ್ತಾರೆ. ಮಗಳು ಸುಬಿಯಾ “ಡ್ಯಾಡ್, ಯು ಮಿಸ್ಡ್ ದಿ ಎಕ್ಸಿಟ್” ಎನ್ನುವ ಹೊತ್ತಿಗೆ ಅದರ ಮುಂದಿನ ಎಕ್ಸಿಟ್ಟೂ ದಾಟಿರುತ್ತದೆ. ಆದರೆ ಅನ್ನದ ಗೋಪುರದ ತುದಿಯ ವಿಷಯದಲ್ಲಿ ಅವರಿಗೆ ಎಲ್ಲಿಲ್ಲದ ಶಿಸ್ತು. ಆ ದಿನದ ಗೌರವ ಯಾರಿಗೋ ತುದಿ ಅವರಿಗೇ, ಬೇರೆಯವರು ಮುಟ್ಟುವಂತಿಲ್ಲ. 2009ರಲ್ಲಿ ಅಂಕಲ್ ಕೆಲಸ ಹೋಯಿತು. ಆ ಶನಿವಾರವೂ ಅನ್ನ ಬೆಂದಿತು. ಲೇಆಫ್ ಪತ್ರ ಕೊಟ್ಟಿದ್ದ ಮ್ಯಾನೇಜರ್ ದಿನೇಶ್‌ಗೂ ಕರೆ ಹೋಗಿತ್ತು. ಬಂದವನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತ. ಅಂಕಲ್ ಅವನನ್ನು ಕೈ ಹಿಡಿದು ಕರೆತಂದು ಕೂರಿಸಿ, ತುದಿಯನ್ನು ಕತ್ತರಿಸಿ ಅವನ ತಟ್ಟೆಗೇ ಹಾಕಿದರು. “ನಂಗೆ ಬಂದಿದ್ದು ಒಂದೇ ಲೆಟರ್. ನೀವು ಹನ್ನೊಂದು ಕೊಡಬೇಕಾಯ್ತಲ್ಲ, ತಿನ್ನಿ.”